ಹೆಬ್ಬೆರಳಿನ ಹೂಂ: ಒಪ್ಪಿಗೆಯ ಎಮೋಜಿಯನ್ನು ಟೈಪಿಸುವುದು, ಬಳಸುವುದು

‘ಕರಡನ್ನು ಇಂದೇ ಕಳುಹಿಸಲೇ, ಇಲ್ಲಾ ನಿಮ್ಮ ತಿದ್ದುಪಡಿಗೆ ಕಾಯಲೇ?’ ಎಂದು ಸಹೋದ್ಯೋಗಿಯೊಬ್ಬರು ಮೊಬೈಲಿನಲ್ಲಿ ಕೇಳಿದ್ದರು. ಅವಸರದಲ್ಲಿದ್ದ ನಾನು 👍 ಒತ್ತಿ ಫೋನನ್ನು ಜೇಬಿಗಿಳಿಸಿದೆ. ಅವರು ಕರಡನ್ನು ಕಳುಹಿಸಿಯೇಬಿಟ್ಟರು. ನಾನು ಹೇಳಿದ್ದು ಕಾಯಿರಿ ಎಂದು. ಹಾಗೆ ಹೇಳಿದ್ದೇನೆ ಎಂದು ನಾನು ಅಂದುಕೊಂಡಿದ್ದೆ, ಅಷ್ಟೆ. ಎರಡರಲ್ಲಿ ಯಾವುದು ಎಂದು ಕೇಳಿದವರಿಗೆ ಬರೀ ‘ಹೂಂ’ ಎಂದರೆ ಏನಾಗಬೇಕೋ ಅದೇ ಆಯಿತು.

ಕಥೆ ಕೇಳುವವರು ನಡುನಡುವೆ ಹೂಂಗುಟ್ಟುತ್ತಾರೆ. ಆ ಹೂಂಗೆ ‘ಕೇಳಿಸಿಕೊಳ್ಳುತ್ತಿದ್ದೇನೆ, ಮುಂದುವರಿಸು’ ಎಂದರ್ಥ. ಸಾಲ ಕೇಳಿದಾಗ ಗಂಟಲಿನಲ್ಲೇ ಉಳಿಯುವ ಹೂಂ ಬೇರೆ, ಊಟಕ್ಕೆ ಕರೆದಾಗ ಹೊರಡುವ ಹೂಂ ಬೇರೆ. ಎದುರಿಗಿದ್ದರೆ ದನಿ ಅರ್ಥವನ್ನು ಬಿಡಿಸಿಬಿಡುತ್ತದೆ. ಪರದೆಯ ಮೇಲಿನ ಹೆಬ್ಬೆರಳಿಗೆ ದನಿಯಿಲ್ಲ. ಅದು ಅಡ್ಡಗೋಡೆಯ ಮೇಲಿಟ್ಟ ದೀಪ. ಆದ್ದರಿಂದ ಯಾವ ಗುಂಡಿಯನ್ನು ಒತ್ತಬೇಕು ಎನ್ನುವುದಕ್ಕೆ ಮೊದಲು ಯಾವ ಹೂಂ ಹೇಳಬೇಕಾಗಿದೆ ಎನ್ನುವುದನ್ನು ನೋಡೋಣ. ಟೈಪಿಸುವ ಕೆಲಸ ಐದು ನಿಮಿಷದ್ದು. ಅದು ಆಮೇಲೆ ಬರಲಿ.

ಹೆಜ್ಜೆ 1: ಯಾವ ಹೂಂ ಎಂದು ತೀರ್ಮಾನಿಸಿ

ಒಪ್ಪಿಗೆಯ ಎಮೋಜಿ ಸಾಮಾನ್ಯವಾಗಿ ನಾಲ್ಕು ಮಾತುಗಳಲ್ಲಿ ಒಂದನ್ನು ಹೇಳುತ್ತಿರುತ್ತದೆ. ‘ನೋಡಿದೆ’, ‘ಒಪ್ಪಿದೆ’, ‘ಮಾಡುತ್ತೇನೆ’, ‘ಚೆನ್ನಾಗಿದೆ’. ಯಾರೂ ಬಾಯಿಬಿಟ್ಟು ಹೇಳದ ಐದನೆಯದೂ ಒಂದಿದೆ: ‘ಸಾಕು, ಈ ಮಾತನ್ನು ಇಲ್ಲಿಗೆ ಮುಗಿಸೋಣ’. ಉದ್ದುದ್ದ ಬರೆದು ಕಳುಹಿಸಿದ ಸಂದೇಶಕ್ಕೆ ಒಂಟಿ ಹೆಬ್ಬೆರಳು ಬಂದಾಗ ಮನಸ್ಸು ಮುದುಡುವುದು ಈ ಐದನೆಯ ಅರ್ಥದ ದೆಸೆಯಿಂದ. ಕಳುಹಿಸಿದವರ ಮನಸ್ಸಿನಲ್ಲಿ ಅದು ಇಲ್ಲದಿರಬಹುದು. ಓದುವವರಿಗೆ ಮಾತ್ರ ಮೊದಲು ಕಾಣುವುದು ಅದೇ.

ಹಾಗಾಗಿ ಎಲ್ಲ ಕೆಲಸಕ್ಕೂ 👍 ಒಂದನ್ನೇ ದುಡಿಸುವ ಬದಲು ಗುರುತುಗಳನ್ನು ಹಂಚಿಕೊಳ್ಳುವುದು ಒಳ್ಳೆಯದು. ನಾನು ಮಾಡಿಕೊಂಡಿರುವ ಹಂಚಿಕೆ ಹೀಗಿದೆ.

👍 ಸಣ್ಣಪುಟ್ಟ ಒಪ್ಪಿಗೆಗೆ. ‘ಐದು ನಿಮಿಷ ತಡವಾಗುತ್ತದೆ’ ಎಂಬಂಥ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

✅ ಮುಗಿದ ಕೆಲಸಕ್ಕೆ. ಶಾಲೆಯಲ್ಲಿ ರೈಟ್ ಮಾರ್ಕ್ ಎನ್ನುತ್ತಿದ್ದೆವಲ್ಲ, ಅದೇ. ಹಸಿರು ಚೌಕದಲ್ಲಿ ಕೂತಿರುವುದರಿಂದ ಪಟ್ಟಿಯಲ್ಲಿ ಎದ್ದು ಕಾಣುತ್ತದೆ. ‘ಮಾಡುತ್ತೇನೆ’ ಎನ್ನಲು ಇದನ್ನು ಬಳಸಬೇಡಿ. ಓದುವವರು ‘ಮಾಡಿಯಾಯಿತು’ ಎಂದೇ ತಿಳಿಯುತ್ತಾರೆ.

💯 ಮತ್ತು 👏 ಮೆಚ್ಚುಗೆಗೆ. ಮೊದಲನೆಯದು ಮಾತನ್ನು ಪೂರ್ತಿ ಅನುಮೋದಿಸುತ್ತದೆ, ಎರಡನೆಯದು ಮಾಡಿದವರನ್ನು ಹೊಗಳುತ್ತದೆ.

🙏 ಕೃತಜ್ಞತೆಗೆ, ವಿನಂತಿಗೆ. ಒಪ್ಪಿಗೆಯ ಜಾಗದಲ್ಲಿ ಇದನ್ನಿಟ್ಟರೆ ‘ಆಯಿತು’ ಎಂದಿರೋ ‘ದಯವಿಟ್ಟು ಬಿಟ್ಟುಬಿಡಿ’ ಎಂದಿರೋ ತಿಳಿಯುವುದಿಲ್ಲ.

👌 ಕುರಿತು ನನಗೆ ಅನುಮಾನಗಳಿವೆ, ಮುಂದೆ ಹೇಳುತ್ತೇನೆ.

‘ನೋಡಿದೆ, ಆದರೆ ಇನ್ನೂ ತೀರ್ಮಾನಿಸಿಲ್ಲ’ ಎನ್ನಬೇಕಾದರೆ ಇವು ಯಾವುವೂ ಬೇಡ. ಅದನ್ನು ಅಕ್ಷರದಲ್ಲೇ ಬರೆಯಿರಿ. ಮೌನವೇ ಸಮ್ಮತಿ ಎಂಬ ಹಳೆಯ ಮಾತು ಮೊಬೈಲಿಗೆ ಬಂದಾಗ ತಲೆಕೆಳಗಾಗಿದೆ: ಇಲ್ಲಿ ಮೌನಕ್ಕೆ ‘ಇನ್ನೂ ನೋಡಿಲ್ಲ’ ಎಂಬ ಅರ್ಥ, ಹೆಬ್ಬೆರಳಿಗೆ ಸಮ್ಮತಿಯ ಅರ್ಥ.

ಹೆಜ್ಜೆ 2: ಮೊಬೈಲಿನಲ್ಲಿ ಟೈಪಿಸುವುದು

1. ಸಂದೇಶ ಬರೆಯುವ ಜಾಗವನ್ನು ಮುಟ್ಟಿ ಕೀಲಿಮಣೆಯನ್ನು ತೆರೆಯಿರಿ. ನಗುಮುಖದ ಚಿತ್ರವಿರುವ ಕೀಲಿಯನ್ನು ಒತ್ತಿ. ಆಂಡ್ರಾಯ್ಡ್ ಫೋನಿನ ಜಿಬೋರ್ಡಿನಲ್ಲಿ (ಗೂಗಲ್ಲಿನ ಕೀಲಿಮಣೆ) ಅದು ಕಾಣದಿದ್ದರೆ ಅಲ್ಪವಿರಾಮದ ಕೀಲಿಯನ್ನೋ ಎಂಟರ್ ಕೀಲಿಯನ್ನೋ ಸ್ವಲ್ಪ ಹೊತ್ತು ಒತ್ತಿ ಹಿಡಿದು ನೋಡಿ. ಐಫೋನಿನಲ್ಲಿ ಎಮೋಜಿ ಕೀಲಿಮಣೆ ಇಲ್ಲವಾಗಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್‌ಗಳ ಪಟ್ಟಿಗೆ ಅದನ್ನು ಸೇರಿಸಿಕೊಳ್ಳಬಹುದು.

2. ಕೈಗಳ ಚಿತ್ರಗಳು ನಗುಮುಖಗಳ ನಂತರ ಬರುತ್ತವೆ. ಪುಟ ಸರಿಸುತ್ತ ಕೂರುವುದಕ್ಕಿಂತ ಹುಡುಕುವ ಪೆಟ್ಟಿಗೆ ವಾಸಿ. ಐಫೋನಿಗೆ ಅದು 2020ರಲ್ಲಿ ಬಂತು. ಕನ್ನಡ ಕೀಲಿಮಣೆಯಲ್ಲಿ ಹುಡುಕಾಟ ಏನನ್ನೂ ಕೊಡದಿದ್ದರೆ ಇಂಗ್ಲಿಷಿಗೆ ಬದಲಿಸಿ ‘ಥಂಬ್’ ಅಥವಾ ‘ಚೆಕ್’ ಎಂದು ಟೈಪಿಸಿ.

3. ಒಮ್ಮೆ ಬಳಸಿದ ಮೇಲೆ ಅದು ‘ಇತ್ತೀಚೆಗೆ ಬಳಸಿದವು’ ಸಾಲಿಗೆ ಬಂದು ಕೂರುತ್ತದೆ. ಮತ್ತೆ ಹುಡುಕಬೇಕಾಗಿಲ್ಲ.

4. 👍 ಮೇಲೆ ಬೆರಳನ್ನು ಒತ್ತಿ ಹಿಡಿದರೆ ಚರ್ಮದ ಬಣ್ಣಗಳು ಕಾಣಿಸಿಕೊಳ್ಳುತ್ತವೆ. ಒಂದನ್ನು ಆರಿಸಿದರೆ ಮುಂದಿನ ಸಲವೂ ಅದೇ ಬರುವುದುಂಟು. ಹಳದಿಯೇ ಬೇಕೆಂದರೆ ಮತ್ತೆ ಒತ್ತಿ ಹಿಡಿದು ಮೊದಲಿನದನ್ನು ಆರಿಸಿ.

ದಿನಕ್ಕೆ ಹತ್ತಾರು ಸಲ ಬಳಸುವವರು ಒಂದು ಉಪಾಯ ಮಾಡಬಹುದು. ಐಫೋನಿನಲ್ಲಿ ಸೆಟ್ಟಿಂಗ್ಸ್, ಜನರಲ್, ಕೀಬೋರ್ಡ್, ಟೆಕ್ಸ್ಟ್ ರೀಪ್ಲೇಸ್‌ಮೆಂಟ್ ಎಂಬ ದಾರಿ ಹಿಡಿದು, ‘ಸರಿ1’ ಎಂದು ಬರೆದರೆ ✅ ಬರುವಂತೆ ಜೋಡಿಸಿಕೊಳ್ಳಬಹುದು. ಜಿಬೋರ್ಡಿನಲ್ಲಿ ಇದೇ ಕೆಲಸವನ್ನು ವೈಯಕ್ತಿಕ ನಿಘಂಟು ಮಾಡುತ್ತದೆ. ಸಂಕೇತಪದಕ್ಕೆ ಬರೀ ‘ಸರಿ’ ಎಂದಿಟ್ಟುಕೊಳ್ಳಬೇಡಿ. ‘ಸರಿ, ಆದರೆ…’ ಎಂದು ಬರೆಯಹೊರಟಾಗಲೆಲ್ಲ ಗುರುತು ನಡುವೆ ಬಂದು ನಿಲ್ಲುತ್ತದೆ. ಕೊನೆಗೆ ಒಂದು ಅಂಕಿ ಇದ್ದರೆ ಈ ಕಾಟವಿಲ್ಲ.

ಹೆಜ್ಜೆ 3: ಕಂಪ್ಯೂಟರಿನಲ್ಲಿ ಟೈಪಿಸುವುದು

ಬಹಳ ಮಂದಿ ಇಂದಿಗೂ ಕಂಪ್ಯೂಟರಿನಲ್ಲಿ ಎಮೋಜಿ ಬೇಕಾದಾಗ ಬೇರೆಲ್ಲಿಂದಲೋ ನಕಲು ಮಾಡಿ ಅಂಟಿಸುತ್ತಾರೆ. ಅಗತ್ಯವಿಲ್ಲ.

ವಿಂಡೋಸ್ 10 ಮತ್ತು 11ರಲ್ಲಿ ವಿಂಡೋಸ್ ಕೀಲಿಯನ್ನು ಹಿಡಿದು ಪೂರ್ಣವಿರಾಮದ ಕೀಲಿಯನ್ನು ಒತ್ತಿದರೆ ಎಮೋಜಿ ಫಲಕ ತೆರೆಯುತ್ತದೆ. ಮ್ಯಾಕ್‌ನಲ್ಲಿ ಕಂಟ್ರೋಲ್, ಕಮಾಂಡ್, ಸ್ಪೇಸ್ ಮೂರನ್ನೂ ಒಟ್ಟಿಗೆ ಒತ್ತಬೇಕು. ಗೋಳದ ಚಿತ್ರವಿರುವ ಹೊಸ ಕೀಲಿಮಣೆಗಳಲ್ಲಿ ಆ ಕೀಲಿಯ ಜೊತೆಗೆ ಇಂಗ್ಲಿಷಿನ ‘ಇ’ ಸಾಕು. ಕ್ರೋಮ್‌ಬುಕ್‌ನಲ್ಲಿ ಲಾಂಚರ್ ಕೀಲಿ, ಶಿಫ್ಟ್, ಸ್ಪೇಸ್. ಲಿನಕ್ಸಿನ ಗ್ನೋಮ್ ಪರಿಸರದ ಹಲವು ತಂತ್ರಾಂಶಗಳಲ್ಲಿ ಕಂಟ್ರೋಲ್ ಮತ್ತು ಪೂರ್ಣವಿರಾಮ.

ಫಲಕವೂ ಬೇಡ ಎನ್ನುವವರಿಗೆ ಗುರುತಿನ ಸಂಖ್ಯೆಯ ದಾರಿಯಿದೆ. ಲೋಕದ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಪಟ್ಟಿಯಲ್ಲಿ ಇಂಥ ಎಮೋಜಿಗಳಿಗೂ ಒಂದೊಂದು ಸಂಖ್ಯೆ ಇರುತ್ತದೆ. ✅ಗೆ 2705, ದಪ್ಪ ಟಿಕ್ ಆದ ✔ಗೆ 2714, ತೆಳು ಟಿಕ್ ✓ಗೆ 2713. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ 2705 ಎಂದು ಟೈಪಿಸಿ, ಒಡನೆಯೇ ಆಲ್ಟ್ ಹಿಡಿದು ‘ಎಕ್ಸ್’ ಒತ್ತಿ. ಅಂಕಿಗಳು ಹೋಗಿ ಗುರುತು ಬರುತ್ತದೆ. ಅಂಕಿಗಳನ್ನು ಇಂಗ್ಲಿಷ್ ರೂಪದಲ್ಲೇ ಟೈಪಿಸಬೇಕು. ಹೆಬ್ಬೆರಳಿನ ಸಂಖ್ಯೆ 1ಎಫ್44ಡಿ. ಇದರಲ್ಲಿ ಎಫ್ ಮತ್ತು ಡಿ ಇಂಗ್ಲಿಷ್ ಅಕ್ಷರಗಳು. ಲಿನಕ್ಸಿನಲ್ಲಿ ಕಂಟ್ರೋಲ್, ಶಿಫ್ಟ್, ‘ಯು’ ಒತ್ತಿ, ಅದೇ ಸಂಖ್ಯೆಯನ್ನು ಬರೆದು ಎಂಟರ್ ಒತ್ತಿದರೆ ಅನೇಕ ಕಡೆ ಕೆಲಸವಾಗುತ್ತದೆ. ಜಾಲಪುಟವನ್ನು ಕೈಯಾರೆ ಬರೆಯುವವರು ಹೆಬ್ಬೆರಳಿಗೆ 👍 ಎಂದೂ ಹಸಿರು ಟಿಕ್‌ಗೆ ✅ ಎಂದೂ ಬರೆಯಬಹುದು.

ತಂತ್ರಾಂಶ ಬರೆಯುವವರ ಲೋಕದಲ್ಲಿ ಇನ್ನೊಂದು ಪದ್ಧತಿಯಿದೆ. ಕಚೇರಿ ತಂಡಗಳು ಮಾತಾಡಿಕೊಳ್ಳುವ ಸ್ಲ್ಯಾಕ್ ಮತ್ತು ತಂತ್ರಾಂಶದ ಕೋಡ್ ಹಂಚಿಕೊಳ್ಳುವ ಗಿಟ್‌ಹಬ್‌ಗಳಲ್ಲಿ :+1: ಎಂದು ಟೈಪಿಸಿದರೆ 👍 ಮೂಡುತ್ತದೆ, :-1: ಎಂದರೆ 👎. ‘ನನ್ನದೂ ಒಂದು ಮತ’ ಎನ್ನಲು +1 ಎಂದು ಬರೆಯುವ ರೂಢಿ ಇದರ ಹಿಂದಿದೆ. ವಾಟ್ಸ್‌ಆ್ಯಪನ್ನು ಕಂಪ್ಯೂಟರಿನಲ್ಲಿ ಬಳಸುವವರು ಮೊದಲು : ಹಾಕಿ ಎಮೋಜಿಯ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳನ್ನು ಬರೆದರೆ ಸಲಹೆಗಳ ಸಾಲು ತೆರೆದುಕೊಳ್ಳುತ್ತದೆ.

ವಿಂಗ್‌ಡಿಂಗ್ಸ್ ಫಾಂಟ್ ಬಳಸಿ ಟಿಕ್ ಹಾಕುವ ಹಳೆಯ ಅಭ್ಯಾಸವಿದ್ದವರು ಅದನ್ನು ಬಿಡಿ. ಅಲ್ಲಿರುವುದು ಟಿಕ್‌ನ ವೇಷ ತೊಟ್ಟ ಒಂದು ರೋಮನ್ ಅಕ್ಷರ. ಫಾಂಟ್ ಬದಲಾದ ಕೂಡಲೇ ಒಪ್ಪಿಗೆ ಮಾಯವಾಗಿ, ತಲೆಯ ಮೇಲೆ ಎರಡು ಚುಕ್ಕಿ ಹೊತ್ತ ‘ಯು’ ಇಣುಕುತ್ತದೆ. ಯೂನಿಕೋಡಿಗೆ ಮೊದಲಿನ ಕನ್ನಡ ಫಾಂಟುಗಳಲ್ಲಿ ಬರೆದಿಟ್ಟ ಕಡತಗಳನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ತಲೆ ಚಚ್ಚಿಕೊಂಡವರಿಗೆ ಈ ರೋಗದ ಪರಿಚಯ ಚೆನ್ನಾಗಿಯೇ ಇದೆ.

ಆ ಕಡೆ ಹೇಗೆ ಕಾಣುತ್ತದೆ?

ಎಮೋಜಿ ಎಂದರೆ ಜಪಾನಿ ಭಾಷೆಯಲ್ಲಿ ಚಿತ್ರಾಕ್ಷರ. ‘ಎ’ ಎಂದರೆ ಚಿತ್ರ, ‘ಮೋಜಿ’ ಎಂದರೆ ಅಕ್ಷರ. ನಮ್ಮ ಮೋಜಿಗೂ ಇಂಗ್ಲಿಷಿನ ಎಮೋಷನ್‌ಗೂ ಅದಕ್ಕೂ ಸಂಬಂಧವಿಲ್ಲ. ಅಕ್ಷರ ಎಂಬ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ತೊಡಕುಗಳೆಲ್ಲ ಅರ್ಥವಾಗುತ್ತವೆ. ನೀವು ಕಳುಹಿಸುವುದು ಚಿತ್ರವನ್ನಲ್ಲ, ಒಂದು ಸಂಖ್ಯೆಯನ್ನು. ಪಡೆದವರ ಯಂತ್ರ ತನ್ನ ಫಾಂಟಿನಿಂದ ಅದಕ್ಕೆ ರೂಪ ಕೊಡುತ್ತದೆ. ಫಾಂಟಿನಲ್ಲಿ ಆ ಗುರುತು ಇಲ್ಲದಿದ್ದರೆ ಖಾಲಿ ಚೌಕ ಕಾಣಿಸುತ್ತದೆ.

👍 ಯೂನಿಕೋಡಿಗೆ ಸೇರಿದ್ದು 2010ರಲ್ಲಿ, 6.0 ಆವೃತ್ತಿಯಲ್ಲಿ, ಹಾಗಾಗಿ ಈಗಿನ ಯಾವ ಫೋನಿನಲ್ಲೂ ಅದು ಚೌಕವಾಗುವುದಿಲ್ಲ. ಚರ್ಮದ ಐದು ಬಣ್ಣಗಳು ಬಂದಿದ್ದು 2015ರಲ್ಲಿ. ಚರ್ಮವೈದ್ಯರು ಬಳಸುವ ಫಿಟ್ಜ್‌ಪ್ಯಾಟ್ರಿಕ್ ಮಾಪನದ ಆರು ಬಗೆಗಳಲ್ಲಿ ಮೊದಲೆರಡನ್ನು ಒಂದು ಮಾಡಿ ಐದಾಗಿಸಿದ್ದಾರೆ. ಬಣ್ಣವೆಂಬುದು ಹೆಬ್ಬೆರಳಿನ ಹಿಂದೆಯೇ ಬರುವ ಇನ್ನೊಂದು ಅಕ್ಷರ. ಹಳೆಯ ಯಂತ್ರದಲ್ಲಿ ಹಳದಿ ಹೆಬ್ಬೆರಳೂ ಪಕ್ಕದಲ್ಲೊಂದು ಬಣ್ಣದ ಚೌಕವೂ ಬಿಡಿಬಿಡಿಯಾಗಿ ಕಾಣುವುದು ಇದಕ್ಕೇ.

✔ ಇದಕ್ಕಿಂತ ಹಳೆಯ ಗುರುತು, 1993ರಿಂದಲೂ ಯೂನಿಕೋಡಿನಲ್ಲಿದೆ. ಅದಕ್ಕೆ ಎರಡು ವೇಷ: ಒಂದೆಡೆ ಕಪ್ಪು ಶಾಯಿಯ ಟಿಕ್, ಇನ್ನೊಂದೆಡೆ ಬಣ್ಣದ ಎಮೋಜಿ. ಬಣ್ಣ ಬೇಕು ಎಂದು ಹೇಳುವ ಕಣ್ಣಿಗೆ ಕಾಣದ ಅಕ್ಷರವೊಂದು ಅದರ ಬೆನ್ನಿಗಿರಬೇಕು. ನಕಲು ಮಾಡುವಾಗ ಅದು ಬಿದ್ದುಹೋದರೆ ಬಣ್ಣವೂ ಹೋಗುತ್ತದೆ. ಎಲ್ಲ ಕಡೆ ಒಂದೇ ತರಹ ಕಾಣಬೇಕೆಂದರೆ ✅ ಸುರಕ್ಷಿತ.

✅ಗೆ ಇನ್ನೊಂದು ಗುಟ್ಟಿನ ಅನುಕೂಲವಿದೆ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಕೂಡಿಡುವ ಯುಟಿಎಫ್-8 ಎಂಬ ಸಾಮಾನ್ಯ ಪದ್ಧತಿಯಲ್ಲಿ ಒಂದು ಕನ್ನಡ ಅಕ್ಷರಸಂಕೇತಕ್ಕೆ 3 ಬೈಟ್ (ಕಂಪ್ಯೂಟರಿನ ಜಾಗದ ಅಳತೆ) ಬೇಕು, ✅ಗೂ 3, ಆದರೆ 👍ಗೆ 4. ಮೈಎಸ್‌ಕ್ಯೂಎಲ್ ದತ್ತಾಂಶ ಕೋಶದಲ್ಲಿ ‘ಯುಟಿಎಫ್8’ ಎಂದು ಕರೆಯುತ್ತಿದ್ದ ಹಳೆಯ ವ್ಯವಸ್ಥೆ 3 ಬೈಟ್‌ಗಿಂತ ಹೆಚ್ಚಿನದನ್ನು ಹಿಡಿಯುತ್ತಿರಲಿಲ್ಲ. ಅಂಥ ಕೋಶಕ್ಕೆ ಅಂಟಿಕೊಂಡ ಅರ್ಜಿ ನಮೂನೆಗಳು ಕನ್ನಡವನ್ನು ಚೆನ್ನಾಗಿ ತೆಗೆದುಕೊಂಡು, ಹೆಬ್ಬೆರಳು ಬಂದೊಡನೆ ಪ್ರಶ್ನೆಚಿಹ್ನೆಗಳನ್ನು ಉಗುಳುತ್ತವೆ, ಇಲ್ಲವೇ ಅಲ್ಲಿಂದ ಮುಂದಿನ ಮಾತನ್ನೆಲ್ಲ ನುಂಗುತ್ತವೆ. ಅಲ್ಲಿ ✅ ಬಳಸಿ ನೋಡಿ. ಎಸ್ಸೆಮ್ಮೆಸ್ಸಿನ ಲೆಕ್ಕವೂ ಇದೇ ರೀತಿ. ಬರೀ ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿಸುವ ಸಂದೇಶಕ್ಕೆ ಒಂದು ಎಮೋಜಿ ಸೇರಿದರೆ ಮಿತಿ 70ಕ್ಕೆ ಇಳಿಯುತ್ತದೆ. ಆ 70ರಲ್ಲಿ ✅ ಒಂದು ಜಾಗವನ್ನು ತಿಂದರೆ 👍 ಎರಡನ್ನು, ಚರ್ಮದ ಬಣ್ಣವಿರುವ 👍 ನಾಲ್ಕನ್ನು ತಿನ್ನುತ್ತದೆ.

ಹೆಜ್ಜೆ 4: ಉತ್ತರವಾಗಿ ಕಳುಹಿಸುವುದೋ, ಸಂದೇಶಕ್ಕೇ ಅಂಟಿಸುವುದೋ

ಬಂದ ಸಂದೇಶವನ್ನು ಒತ್ತಿ ಹಿಡಿದು ಅದರ ಮೈಗೇ ಎಮೋಜಿ ಅಂಟಿಸುವುದಕ್ಕೆ ರಿಯಾಕ್ಷನ್ ಎನ್ನುತ್ತಾರೆ. ಗಿಟ್‌ಹಬ್ ಈ ಸೌಲಭ್ಯವನ್ನು 2016ರಲ್ಲಿ ತಂದಿತು. ಚರ್ಚೆಗಳ ತುಂಬ ಬರೀ +1 ಎಂಬ ಉತ್ತರಗಳೇ ರಾಶಿ ಬಿದ್ದು ನಿಜವಾದ ಮಾತು ಹುಡುಕಿದರೂ ಸಿಗದ ಸ್ಥಿತಿ ಅಲ್ಲಿತ್ತು. ವಾಟ್ಸ್‌ಆ್ಯಪ್‌ಗೆ ರಿಯಾಕ್ಷನ್ ಬಂದಿದ್ದು 2022ರ ಮೇ ತಿಂಗಳಲ್ಲಿ. ಮೊದಲಿಗೆ 👍 ❤️ 😂 😮 😢 🙏 ಈ ಆರೇ ಇದ್ದವು. ಎರಡು ತಿಂಗಳಲ್ಲಿ ಯಾವ ಎಮೋಜಿಯನ್ನಾದರೂ ಬಳಸುವ ಅವಕಾಶ ಸಿಕ್ಕಿತು.

ಗುಂಪಿನಲ್ಲಿ ಅಂಟಿಸಿ, ಒಬ್ಬರೊಂದಿಗಿನ ಮಾತಿನಲ್ಲಿ ಬರೆಯಿರಿ. ಇದು ನಾನು ಪಾಲಿಸುವ ಕ್ರಮ. ಅರವತ್ತು ಜನರ ಗುಂಪಿನಲ್ಲಿ ‘ಸಭೆ ನಾಳೆ ಹತ್ತಕ್ಕೆ’ ಎಂಬ ಒಂದು ಸಾಲಿನ ಕೆಳಗೆ ಮೂವತ್ತು ಹೆಬ್ಬೆರಳುಗಳು ಸಾಲುಗಟ್ಟಿದರೆ ತಡವಾಗಿ ಬಂದವರಿಗೆ ಸಭೆಯ ಸಮಯವೇ ಸಿಗುವುದಿಲ್ಲ. ಇಬ್ಬರೇ ಇರುವಲ್ಲಿ ಹೆಬ್ಬೆರಳಿನ ಜೊತೆಗೆ ಒಂದೆರಡು ಪದ ಸೇರಿಸಿದರೆ ಯಾರಿಗೂ ಭಾರವಾಗದು: ‘ಆಗಲಿ, ಹತ್ತಕ್ಕೆ ಬರುತ್ತೇನೆ 👍’. ಇಲ್ಲಿ ಎಮೋಜಿ ಮಾತಿನ ಜಾಗವನ್ನು ಕಸಿದುಕೊಂಡಿಲ್ಲ, ಮಾತಿಗೆ ದನಿ ಕೊಟ್ಟಿದೆ.

‘ಅಥವಾ’ ಇರುವ ಪ್ರಶ್ನೆಗೆ ಎಮೋಜಿಯಿಂದ ಉತ್ತರಿಸಲೇಬೇಡಿ. ನನ್ನ ಕರಡಿನ ಕತೆಯನ್ನು ಆಗಲೇ ಹೇಳಿದ್ದೇನೆ. ಒಂದೇ ಸಂದೇಶದಲ್ಲಿ ಮೂರು ಪ್ರಶ್ನೆಗಳಿದ್ದಾಗಲೂ ಅಷ್ಟೆ. ಹೆಬ್ಬೆರಳು ಯಾವುದಕ್ಕೆ ಸೇರಿದ್ದು? ‘ಬರಲಾಗುವುದಿಲ್ಲ’ ಎಂಬಂಥ ನಿಷೇಧದ ಮಾತಿಗೆ 👍 ಬಂದರೆ ‘ಪರವಾಗಿಲ್ಲ’ ಎಂದೋ ‘ಒಳ್ಳೆಯದೇ ಆಯಿತು’ ಎಂದೋ ಎಂಬ ಗೊಂದಲ ಉಳಿಯುತ್ತದೆ. ಸಾವಿನ ಸುದ್ದಿಗೆ ಅಭ್ಯಾಸಬಲದಿಂದ ಹೆಬ್ಬೆರಳು ಒತ್ತಿದವರನ್ನು ನಾನು ಕಂಡಿದ್ದೇನೆ. ‘ನೋಡಿದೆ’ ಎನ್ನುವುದೇ ಅವರ ಉದ್ದೇಶವಾಗಿತ್ತು ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಯಾರೂ ಅದನ್ನು ಮರೆಯಲಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಕಿವಿಮಾತು: ವಾಕ್ಯದ ನಡುವಿನ ಪದದ ಬದಲಿಗೆ ಎಮೋಜಿ ಇಟ್ಟು ಅದಕ್ಕೆ ವಿಭಕ್ತಿ ಅಂಟಿಸುವುದನ್ನು ಆದಷ್ಟು ತಪ್ಪಿಸಿ. ಗುರುತಿನ ಬಗ್ಗೆಯೇ ಬರೆಯಬೇಕಾಗಿ ಬಂದು ಈ ಲೇಖನದಲ್ಲಿ ನಾನೇ ಹಾಗೆ ಮಾಡಿದ್ದೇನೆ. ಓದುವಾಗ ನಾಲಿಗೆ ಎಡವಿದ್ದು ನಿಮಗೂ ತಿಳಿದಿರಬೇಕು. ವಾಕ್ಯ ಮುಗಿದ ಮೇಲೆ, ಕೊನೆಯಲ್ಲಿ, ಒಂದು. ಐದು ಹೆಬ್ಬೆರಳುಗಳಿಂದ ಒಪ್ಪಿಗೆ ಐದು ಪಟ್ಟಾಗುವುದಿಲ್ಲ. ಕಣ್ಣು ಕಾಣದವರು ಬಳಸುವ ಪರದೆ ಓದುಗ ತಂತ್ರಾಂಶಗಳು ಎಮೋಜಿಯ ಹೆಸರನ್ನು ಗಟ್ಟಿಯಾಗಿ ಓದಿ ಹೇಳುತ್ತವೆ. ಚರ್ಮದ ಬಣ್ಣವಿದ್ದರೆ ಅದನ್ನೂ ಹೇಳುತ್ತವೆ. ಹತ್ತು ಎಮೋಜಿಗಳ ಮಾಲೆ ಅವರ ಕಿವಿಗೆ ಹೇಗೆ ಬೀಳುತ್ತದೆ ಎಂದು ಊಹಿಸಿಕೊಳ್ಳಿ.

ಹೆಬ್ಬೆರಳು ರುಜುವಾದಾಗ

ಕೆನಡಾದ ಸಸ್ಕಾಚೆವಾನ್ ಪ್ರಾಂತದಲ್ಲಿ 2021ರ ಮಾರ್ಚ್‌ನಲ್ಲಿ ಧಾನ್ಯ ಖರೀದಿಸುವ ಸಂಸ್ಥೆಯೊಂದು ರೈತರೊಬ್ಬರಿಗೆ ಒಪ್ಪಂದ ಪತ್ರದ ಫೋಟೊ ಕಳುಹಿಸಿ, ಅಗಸೆಯ ಒಪ್ಪಂದವನ್ನು ದೃಢಪಡಿಸಿ ಎಂದು ಕೇಳಿತು. ರೈತರು 👍 ಒತ್ತಿದರು. ಅಗಸೆ 87 ಟನ್, ದರ ಧಾನ್ಯದ ಅಳತೆಯಾದ ಬುಷೆಲ್‌ಗೆ 17 ಡಾಲರ್, ಕೊಡಬೇಕಾದದ್ದು ನವೆಂಬರ್‌ನಲ್ಲಿ. ನವೆಂಬರ್ ಬಂದಾಗ ಮಾರುಕಟ್ಟೆಯ ದರ 41 ಡಾಲರಿಗೆ ಏರಿತ್ತು, ಅಗಸೆ ಬರಲಿಲ್ಲ. ಪತ್ರ ತಲುಪಿದೆ ಎಂದಷ್ಟೇ ನಾನು ಹೇಳಿದ್ದು ಎಂಬುದು ರೈತರ ವಾದ. ನಾಲ್ಕು ಹೂಂಗಳಲ್ಲಿ ಮೊದಲನೆಯದು, ‘ನೋಡಿದೆ’.

ನ್ಯಾಯಾಲಯ ಹಿಂದಿನ ವ್ಯವಹಾರಗಳನ್ನು ತೆಗೆದು ನೋಡಿತು. ಇದೇ ಇಬ್ಬರ ನಡುವೆ ಮೊದಲೂ ಇಂಥ ಫೋಟೊಗಳು ಬಂದಿದ್ದವು. ರೈತರು ‘ಸರಿ’, ‘ಹೂಂ’, ‘ಚೆನ್ನಾಗಿದೆ’ ಎಂಬಂಥ ಒಂದೆರಡು ಪದಗಳ ಉತ್ತರ ಕೊಟ್ಟು ಪ್ರತಿ ಸಲವೂ ಧಾನ್ಯವನ್ನು ತಲುಪಿಸಿದ್ದರು. ಆ ಸಾಲಿನಲ್ಲಿ ಹೆಬ್ಬೆರಳೂ ಒಪ್ಪಿಗೆಯೇ, ಮೊಬೈಲಿನಿಂದ ಹಾಕಿದ ರುಜುವೇ ಎಂದು 2023ರ ಜೂನ್‌ನಲ್ಲಿ ತೀರ್ಪು ಬಂತು. ಪರಿಹಾರದ ಮೊತ್ತ 82,200 ಕೆನಡಾ ಡಾಲರಿಗೂ ತುಸು ಮೇಲೆ, ಬಡ್ಡಿ ಬೇರೆ. 2024ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೂ ತೀರ್ಪನ್ನು ಎತ್ತಿಹಿಡಿಯಿತು.

ಎಲ್ಲ ದೇಶಗಳ ನ್ಯಾಯಾಲಯಗಳೂ ಹೀಗೆಯೇ ಹೇಳುತ್ತವೆ ಎಂದಲ್ಲ. ಆದರೆ ಹಣ, ದಿನಾಂಕ, ಜವಾಬ್ದಾರಿ ಈ ಮೂರರಲ್ಲಿ ಒಂದಾದರೂ ಸಂದೇಶದಲ್ಲಿದ್ದರೆ ಎಮೋಜಿಯನ್ನು ಬಿಟ್ಟು ಪೂರ್ಣ ವಾಕ್ಯ ಬರೆಯಿರಿ. ‘ಪತ್ರ ತಲುಪಿದೆ, ಓದಿ ನಾಳೆ ತಿಳಿಸುತ್ತೇನೆ’ ಎಂದು ಬರೆಯಲು ಹತ್ತು ಸೆಕೆಂಡು ಬೇಕು.

ಬೇರೆಯವರ ಕಣ್ಣಿನಲ್ಲಿ

ಇರಾನಿನಂಥ ಕಡೆ ಹೆಬ್ಬೆರಳೆತ್ತಿ ತೋರಿಸುವುದು ಹಳಬರ ಕಣ್ಣಿಗೆ ಬೈಗುಳ. ಸಮುದ್ರದಾಳದಲ್ಲಿ ಈಜುವವರ ನಡುವೆ ಅದೇ ಸನ್ನೆಗೆ ‘ಮುಗಿಸೋಣ, ಮೇಲಕ್ಕೆ ಹೋಗೋಣ’ ಎಂದರ್ಥ. ‘ಎಲ್ಲ ಸರಿ’ ಎನ್ನಲು ಅವರು 👌 ತೋರಿಸುತ್ತಾರೆ. ಆ 👌 ಬ್ರೆಜಿಲ್‌ನಲ್ಲಿ ಅಸಭ್ಯ, ಜಪಾನಿನಲ್ಲಿ ಹಣದ ಸನ್ನೆ. ಅಮೆರಿಕದಲ್ಲಿ ಜನಾಂಗದ್ವೇಷಿಗಳು ಅದನ್ನು ಗುರುತಾಗಿ ಬಳಸತೊಡಗಿದ ಮೇಲೆ ದ್ವೇಷದ ವಿರುದ್ಧ ಕೆಲಸ ಮಾಡುವ ಅಲ್ಲಿನ ಆ್ಯಂಟಿ ಡಿಫಮೇಷನ್ ಲೀಗ್ ಸಂಸ್ಥೆ 2019ರಲ್ಲಿ ಅದನ್ನು ತನ್ನ ದ್ವೇಷಚಿಹ್ನೆಗಳ ಪಟ್ಟಿಗೆ ಸೇರಿಸಿತು; ಬಹುಪಾಲು ಬಳಕೆ ಈಗಲೂ ಮುಗ್ಧವೇ ಎಂದೂ ಹೇಳಿತು. ಪರಿಚಯವಿಲ್ಲದವರಿಗೆ ನಾನು 👌 ಕಳುಹಿಸುವುದನ್ನು ಬಿಟ್ಟಿದ್ದೇನೆ. ಅದು ಮಾಡುವ ಕೆಲಸವನ್ನು 👍 ಮಾಡುತ್ತದೆ.

ಟಿಕ್ ಕೂಡ ಎಲ್ಲೆಡೆ ‘ಸರಿ’ ಅಲ್ಲ. ಜಪಾನಿನ ಶಾಲೆಗಳಲ್ಲಿ ಸರಿಯುತ್ತರಕ್ಕೆ ವೃತ್ತ ಹಾಕುತ್ತಾರೆ, ಟಿಕ್ ಬಿದ್ದರೆ ತಪ್ಪು ಎಂದರ್ಥ. ಎಮೋಜಿ ಪಟ್ಟಿಯಲ್ಲಿರುವ ಕೆಂಪು ವೃತ್ತ ⭕ ಆ ವೃತ್ತವೇ. ಹೂವಿನಂತೆ ಕಾಣುವ 💮 ಇದೆಯಲ್ಲ, ಅದು ಅಲ್ಲಿನ ಮೇಷ್ಟರು ಚೆನ್ನಾಗಿ ಬರೆದ ಮಕ್ಕಳ ಪುಸ್ತಕಕ್ಕೆ ಒತ್ತುವ ‘ಬಹಳ ಚೆನ್ನಾಗಿದೆ’ ಮುದ್ರೆ. ಹೂವಿನ ಅಲಂಕಾರವೆಂದು ಅದನ್ನು ಕಂಡಕಂಡಲ್ಲಿ ಅಂಟಿಸುವವರು ತಮಗೇ ತಿಳಿಯದಂತೆ ಅಂಕ ಹಂಚುತ್ತಿರುತ್ತಾರೆ.

ತಪ್ಪಿ ಒತ್ತಿದರೆ

ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿದ ರಿಯಾಕ್ಷನ್ನನ್ನು ತೆಗೆಯಲು ಅದರ ಮೇಲೆ ಬೆರಳಿಟ್ಟು, ತೆರೆದ ಪಟ್ಟಿಯಲ್ಲಿ ನಿಮ್ಮ ಹೆಸರನ್ನು ಮುಟ್ಟಿ. ಬೇರೆ ಎಮೋಜಿಯನ್ನು ಆರಿಸಿದರೆ ಹಳೆಯದು ತಾನಾಗಿ ಹೋಗುತ್ತದೆ. ಸ್ಲ್ಯಾಕ್, ಗಿಟ್‌ಹಬ್‌ಗಳಲ್ಲಿ ಅದೇ ಎಮೋಜಿಯನ್ನು ಮತ್ತೊಮ್ಮೆ ಒತ್ತಿದರೆ ಸಾಕು. ಉತ್ತರವಾಗಿ ಕಳುಹಿಸಿದ್ದಾದರೆ ಸಂದೇಶವನ್ನೇ ಅಳಿಸಬೇಕು. ಅಷ್ಟರಲ್ಲಿ ಆ ಕಡೆಯವರ ಬೀಗ ಹಾಕಿದ ಪರದೆಯ ಮೇಲೆ ನಿಮ್ಮ ಹೆಬ್ಬೆರಳು ಮಿಂಚಿ ಹೋಗಿರಬಹುದು. ಅನುಮಾನವಿದ್ದರೆ ಕರೆ ಮಾಡಿ. ನನ್ನ ಸಹೋದ್ಯೋಗಿ ಈಗ ಅದನ್ನೇ ಮಾಡುತ್ತಾರೆ: ನನ್ನಿಂದ 👍 ಹೋದರೆ ಐದು ನಿಮಿಷದಲ್ಲಿ ಅವರ ಫೋನ್ ಬರುತ್ತದೆ, ‘ಯಾವುದಕ್ಕೆ?’